ಸ್ಪೆಕ್ಟ್ರಮ್ ಮತ್ತು ಕಮೊಡೋರ್ 64: ಬಣ್ಣಕ್ಕೂ ಜಾಗ ಬೇಕು

ಉಪ್ಪನ ದಿನಸಿ ಅಂಗಡಿಯಲ್ಲಿ ನಾನು ಕಲಿತ ಮೊದಲ ಪಾಠ ಇದು: ಹೊಸ ಸಾಮಾನು ತರುವ ಮೊದಲು ಅದನ್ನು ಎಲ್ಲಿ ಇಡುತ್ತೀ ಎಂದು ನೋಡು. ಕಪಾಟು ಚಿಕ್ಕದು, ಒಂದನ್ನು ಇಟ್ಟರೆ ಇನ್ನೊಂದನ್ನು ತೆಗೆಯಬೇಕು. ನಲವತ್ತು ವರ್ಷಗಳ ಹಿಂದಿನ ಮನೆ ಕಂಪ್ಯೂಟರುಗಳ ಬಗ್ಗೆ ಓದುವಾಗ ನನಗೆ ಈ ಮಾತೇ ಮತ್ತೆ ಮತ್ತೆ ನೆನಪಾಯಿತು.

1982ರಲ್ಲಿ ಎರಡು ಯಂತ್ರಗಳು ಪೇಟೆಗೆ ಬಂದವು. ಬ್ರಿಟನ್‌ನಲ್ಲಿ ಕ್ಲೈವ್ ಸಿಂಕ್ಲೇರ್ ಅವರ ಕಂಪೆನಿ ಏಪ್ರಿಲ್‌ನಲ್ಲಿ ಝಡ್‌ಎಕ್ಸ್ ಸ್ಪೆಕ್ಟ್ರಮ್ ತಂದಿತು. 16ಕೆ ಮೆಮೊರಿಯದಕ್ಕೆ 125 ಪೌಂಡ್, 48ಕೆಯದಕ್ಕೆ 175 ಪೌಂಡ್. ಅಮೆರಿಕದಲ್ಲಿ ಕಮೊಡೋರ್ 64 ಬಂತು, ಬೆಲೆ 595 ಡಾಲರ್. ಅಂದಿನ ವಿನಿಮಯ ದರದಲ್ಲಿ ದೊಡ್ಡ ಸ್ಪೆಕ್ಟ್ರಮ್‌ನ ಬೆಲೆ ಇದರ ಅರ್ಧದಷ್ಟು. ಎರಡನ್ನೂ ಮನೆಯ ಟಿವಿಗೇ ಜೋಡಿಸಬಹುದಿತ್ತು. ಯಾವುದರ ಚಿತ್ರ ಚೆನ್ನ ಎಂದು ಬ್ರಿಟನ್‌ನ ಶಾಲಾ ಮಕ್ಕಳು ವರ್ಷಗಟ್ಟಲೆ ಜಗಳಾಡಿದರು.

ಲೆಕ್ಕ ಹಾಕಿ ನೋಡೋಣ. ಸ್ಪೆಕ್ಟ್ರಮ್ ಪರದೆಯಲ್ಲಿ ಅಡ್ಡಕ್ಕೆ 256, ಉದ್ದಕ್ಕೆ 192 ಚುಕ್ಕಿಗಳು, ಒಟ್ಟು 49,152. ಪ್ರತಿ ಚುಕ್ಕಿಗೂ ಬೇರೆ ಬೇರೆ ಬಣ್ಣ ಕೊಡುವುದಾದರೆ ಚುಕ್ಕಿಗೆ 4 ಬಿಟ್ ಬೇಕು, ಅಂದರೆ 24,576 ಬೈಟ್. ಆದರೆ ಚಿಕ್ಕ ಸ್ಪೆಕ್ಟ್ರಮ್‌ನಲ್ಲಿ ಇದ್ದದ್ದೇ 16,384 ಬೈಟ್. ಚಿತ್ರವೊಂದೇ ಹಿಡಿಸದ ಕಪಾಟಿನಲ್ಲಿ ಪ್ರೋಗ್ರಾಂ ಎಲ್ಲಿ ಇಡುವುದು?

ಅದಕ್ಕೆ ಅವರು ಮಾಡಿದ ಉಪಾಯ ಹೀಗಿತ್ತು. ಪ್ರತಿ ಚುಕ್ಕಿಗೆ ಒಂದೇ ಬಿಟ್, ಉರಿದಿದೆಯೋ ಇಲ್ಲವೋ ಅಷ್ಟೇ. ಅದಕ್ಕೆ 6,144 ಬೈಟ್ ಸಾಕು. ಬಣ್ಣಕ್ಕೆ ಪರದೆಯನ್ನು 8×8 ಚುಕ್ಕಿಗಳ ಚೌಕಗಳಾಗಿ ಕತ್ತರಿಸಿದರು, ಒಟ್ಟು 768 ಚೌಕ. ಚೌಕಕ್ಕೆ ಒಂದೊಂದು ಬೈಟ್. ಆ ಬೈಟಿನಲ್ಲಿ ಒಂದು ಮುಂಬಣ್ಣ, ಒಂದು ಹಿಂಬಣ್ಣ, ಜೊತೆಗೆ ಹೊಳಪು ಮತ್ತು ಮಿನುಗು. ಎಲ್ಲ ಸೇರಿ 6,912 ಬೈಟಿನಲ್ಲಿ ಬಣ್ಣದ ಪರದೆ ಮುಗಿಯಿತು.

ಉಳಿತಾಯಕ್ಕೆ ತೆತ್ತ ಬೆಲೆಯೂ ಇತ್ತು. ಒಂದು ಚೌಕದೊಳಗೆ ಎರಡೇ ಬಣ್ಣ. ಹಳದಿ ಗೋಡೆಯ ಮುಂದೆ ಹಸಿರು ಗೊಂಬೆ ನಡೆದರೆ, ಅದು ಕಾಲಿಟ್ಟಲ್ಲೆಲ್ಲ ಗೋಡೆಯೂ ಹಸಿರಾಗುತ್ತಿತ್ತು. ಇದಕ್ಕೆ ಕಲರ್ ಕ್ಲ್ಯಾಶ್ ಎಂದು ಹೆಸರು. ಕಮೊಡೋರ್ ಇದ್ದವರು ಗೇಲಿ ಮಾಡುತ್ತಿದ್ದದ್ದು ಇದನ್ನೇ.

ಕಮೊಡೋರ್ 64ರಲ್ಲಿ ಚಿತ್ರಕ್ಕೆಂದೇ ವಿಐಸಿ-2 ಎಂಬ ಚಿಪ್ ಇತ್ತು. 24×21 ಚುಕ್ಕಿಗಳ ಎಂಟು ಸ್ಪ್ರೈಟ್‌ಗಳನ್ನು ಅದೇ ನೋಡಿಕೊಳ್ಳುತ್ತಿತ್ತು. ಡಿಪ್ಲೊಮಾದಲ್ಲಿ ಡ್ರಾಯಿಂಗ್ ಶೀಟಿನ ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು ಸರಿಸಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಗೊಂಬೆ ಮೇಲಿನ ಹಾಳೆಯಲ್ಲಿ, ಗೋಡೆ ಕೆಳಗಿನ ಹಾಳೆಯಲ್ಲಿ. ಗೊಂಬೆ ಸರಿಸಲು ಎರಡು ಅಂಕಿ ಬದಲಿಸಿದರೆ ಆಯಿತು, ಗೋಡೆಗೆ ಏನೂ ಆಗದು. ಸ್ಪೆಕ್ಟ್ರಮ್‌ನಲ್ಲಾದರೋ ಅಳಿಸಿ ಮತ್ತೆ ಬರೆಯುವ ಕೆಲಸವೆಲ್ಲ ಪ್ರೊಸೆಸರಿನದೇ.

ಆದರೆ ಕಮೊಡೋರಿಗೂ ಲೆಕ್ಕ ತಪ್ಪಲಿಲ್ಲ. ಅದರ 320×200ರ ಚಿತ್ರದಲ್ಲೂ ಒಂದು ಚೌಕಕ್ಕೆ ಎರಡೇ ಬಣ್ಣ. ಹೆಚ್ಚು ಬಣ್ಣ ಬೇಕಿದ್ದರೆ ಚುಕ್ಕಿಯ ಅಗಲ ಇಮ್ಮಡಿಯಾಗಿ ಪರದೆ 160×200ಕ್ಕೆ ಇಳಿಯುತ್ತಿತ್ತು. ಒಂದು ಅನುಕೂಲ ಮಾತ್ರ ದೊಡ್ಡದು: ಚಿಪ್ ತಯಾರಿಸುವ ಮಾಸ್ ಟೆಕ್ನಾಲಜಿಯನ್ನು ಕಮೊಡೋರ್ 1976ರಲ್ಲೇ ಕೊಂಡಿತ್ತು. ಅಕ್ಕಿ ವ್ಯಾಪಾರಿಗೆ ಸ್ವಂತ ಮಿಲ್ಲು ಇದ್ದ ಹಾಗೆ. 1983ರಲ್ಲಿ ಅಮೆರಿಕದಲ್ಲಿ ಬೆಲೆಯನ್ನು 200 ಡಾಲರಿನ ಆಸುಪಾಸಿಗೆ ಇಳಿಸಲು ಅದಕ್ಕೆ ಸಾಧ್ಯವಾಯಿತು.

ಮೂರನೆಯ ದಾರಿ ಹಿಡಿದದ್ದು 1981ರ ಕೊನೆಗೆ ಬಂದ ಬಿಬಿಸಿ ಮೈಕ್ರೊ. ನಮ್ಮ ದೇಶದ ಶಾಲೆಗಳಿಗೆ 1984-85ರ ಕ್ಲಾಸ್ ಯೋಜನೆಯಲ್ಲಿ ಬಂದದ್ದು ಇದೇ ಯಂತ್ರ. ಇದರ ಮೋಡ್ 2ರಲ್ಲಿ ಪ್ರತಿ ಚುಕ್ಕಿಗೂ ತನ್ನದೇ ಬಣ್ಣ, ಕ್ಲ್ಯಾಶ್ ಎಂಬುದೇ ಇಲ್ಲ. ಆದರೆ ಇದ್ದ 32ಕೆಯಲ್ಲಿ 20ಕೆ ಪರದೆಗೇ ಹೋಗುತ್ತಿತ್ತು. ಗಾಜಿನ ಶೋಕೇಸ್ ಚೆಂದ, ಗೋದಾಮು ಖಾಲಿ.

ಸ್ಪೆಕ್ಟ್ರಮ್‌ನವರು ಗೇಲಿ ಕೇಳಿ ಸುಮ್ಮನೆ ಕೂರಲಿಲ್ಲ. 1984ರಲ್ಲಿ ಅಲ್ಟಿಮೇಟ್ ಕಂಪೆನಿ ತಂದ ನೈಟ್ ಲೋರ್ ಆಟದಲ್ಲಿ ಒಂದು ಕೋಣೆಗೆ ಒಂದೇ ಬಣ್ಣ, ಹಿಂದೆ ಕಪ್ಪು. ಬಣ್ಣ ಬಿಟ್ಟುಕೊಟ್ಟ ಮೇಲೆ ಡಿಕ್ಕಿ ಎಲ್ಲಿಂದ? ಬದಲಿಗೆ ಕೋಣೆಯನ್ನು ಮೂಲೆಯಿಂದ ನೋಡಿದಂತೆ, ನಾವು ಕಾಲೇಜಿನಲ್ಲಿ ಬರೆಯುವ ಐಸೊಮೆಟ್ರಿಕ್ ಡ್ರಾಯಿಂಗಿನಂತೆ ಬಿಡಿಸಿದರು. ಗೊಂಬೆ ಪೆಟ್ಟಿಗೆಯ ಹಿಂದೆ ಹೋದರೆ ನಿಜಕ್ಕೂ ಮರೆಯಾಗುತ್ತಿತ್ತು. ಆ ಮಾದರಿಯನ್ನು ಆಮೇಲೆ ಎಷ್ಟೋ ಆಟಗಳು ಅನುಸರಿಸಿದವು.

ಡಿಪ್ಲೊಮಾ ಓದುವಾಗ ಕಡಿಮೆ ಬೆಲೆಯ ನನ್ನ ಮೊಬೈಲನ್ನು ಗೆಳೆಯರ ಮುಂದೆ ಹೊರತೆಗೆಯಲು ನಾಚಿಕೆಯಾಗುತ್ತಿತ್ತು. ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎಂದು ಕೇಳಿದರೆ ಮಾತು ಬದಲಿಸುತ್ತಿದ್ದೆ. ದೊಡ್ಡ ಅಂಕಿ ಇದ್ದದ್ದೇ ಒಳ್ಳೆಯದು ಎಂದು ನಾನೂ ನಂಬಿದ್ದೆ. ಈ ಯಂತ್ರಗಳ ಲೆಕ್ಕ ಹಾಕಿದ ಮೇಲೆ ಆ ನಂಬಿಕೆ ಸಡಿಲವಾಯಿತು. ಕಲರ್ ಕ್ಲ್ಯಾಶ್ ದಡ್ಡತನವಲ್ಲ. 125 ಪೌಂಡಿಗೆ ಬಣ್ಣದ ಕಂಪ್ಯೂಟರ್ ಕೊಡುತ್ತೇವೆ ಎಂದು ಹೊರಟವರು ತಿಳಿದೇ ಒಪ್ಪಿಕೊಂಡ ಕೊರತೆ. ಆ ಕೊರತೆ ಇದ್ದದ್ದರಿಂದಲೇ ಕಮೊಡೋರ್ ಕೊಳ್ಳಲಾರದ ಮನೆಗಳ ಟಿವಿ ಮುಂದೆಯೂ ಒಬ್ಬ ಹುಡುಗ ಕೀಬೋರ್ಡ್ ಹಿಡಿದು ಕೂತ.

ಇದನ್ನೆಲ್ಲ ಉಪ್ಪನಿಗೆ ವಿವರಿಸಿದೆ. ಪೂರ್ತಿ ಕೇಳಿ ಅವರು ಕೇಳಿದ್ದು ಒಂದೇ ಪ್ರಶ್ನೆ: "ಕಡಿಮೆ ಬೆಲೆಯದ್ದನ್ನು ಎಷ್ಟು ಜನ ಕೊಂಡುಹೋದರು?" ಲಕ್ಷಗಟ್ಟಲೆ ಎಂದೆ. ಅವರು ತಲೆಯಾಡಿಸಿ ತಕ್ಕಡಿ ಒರೆಸತೊಡಗಿದರು.