ಹೆಸರಘಟ್ಟ: ಕೆರೆಯ ಮೇಲಣ ನೆಲದ ಕಥೆ

ಕೆರೆ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಏರಿ, ತೂಬು ಮತ್ತು ಕೋಡಿ. ಏರಿಯ ಹಿಂದೆ ನಿಂತ ನೀರು ಯಾರ ಹೊಲ, ಯಾವ ಊರಿನ ಗೋಮಾಳದ ಮೇಲೆ ಹರಿದು ಬಂದಿತೆಂದು ಕೇಳುವವರು ವಿರಳ. ಕೆರೆಗೆ ಮಳೆನೀರನ್ನು ಕೂಡಿಸಿಕೊಡುವ ಆ ನೆಲವನ್ನೇ ಜಲಾನಯನ ಪ್ರದೇಶವೆನ್ನುತ್ತಾರೆ. ಅದನ್ನು ಮರೆತರೆ ಏನಾಗುವುದೆಂಬುದನ್ನು ಬೆಂಗಳೂರಿನ ಸಮೀಪದ ಹೆಸರಘಟ್ಟದ ಕೆರೆಯ ಚರಿತ್ರೆಯಲ್ಲಿ ಕಾಣಬಹುದು.

1876-78ರ ಭೀಕರ ಬರಗಾಲವನ್ನು ಕಂಡ ಮೈಸೂರು ಸಂಸ್ಥಾನಕ್ಕೆ, ಬೆಂಗಳೂರಿನ ಒಳಗಿನ ಕೆರೆಗಳು ಬೆಳೆಯುತ್ತಿರುವ ನಗರಕ್ಕೆ ಸಾಲವೆಂಬುದು ಸ್ಪಷ್ಟವಾಗಿತ್ತು. (ಅವುಗಳಲ್ಲಿ ಧರ್ಮಾಂಬುಧಿಯ ನೆಲದಲ್ಲಿ ಇಂದು ಬಸ್ಸುಗಳು ನಿಲ್ಲುತ್ತವೆ, ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣವಿದೆ.) ದಿವಾನ್ ಶೇಷಾದ್ರಿ ಅಯ್ಯರ್ ಅವರ ಆಡಳಿತದಲ್ಲಿ, 1894ರಲ್ಲಿ, ಅರ್ಕಾವತಿ ನದಿಗೆ ಹೆಸರಘಟ್ಟದಲ್ಲಿ ಏರಿ ಕಟ್ಟುವ ಯೋಜನೆ ರೂಪುಗೊಂಡಿತು. ಮಹಾರಾಜ ಚಾಮರಾಜೇಂದ್ರ ಒಡೆಯರ ಹೆಸರನ್ನು ಹೊತ್ತ ಈ ಯೋಜನೆಯಿಂದ 1896ರಲ್ಲಿ ನಗರಕ್ಕೆ ನೀರು ಹರಿಯತೊಡಗಿತು. ಇಟ್ಟಿಗೆಯ ಕಾಲುವೆಯಲ್ಲಿ ತಾನಾಗಿ ಹರಿದು ಬಂದ ನೀರನ್ನು ಸೋಲದೇವನಹಳ್ಳಿಯಲ್ಲಿ ಉಗಿಯಂತ್ರಗಳು ಮೇಲೆತ್ತಿ ಮಲ್ಲೇಶ್ವರದತ್ತ ಕಳುಹಿಸುತ್ತಿದ್ದವು. ಬಾವಿಯ ಹಗ್ಗವನ್ನೇ ನಂಬಿದ್ದ ಜನರು ನಲ್ಲಿಯನ್ನು ತಿರುಗಿಸಿ ನೀರು ಪಡೆದ ಆ ಕಾಲದ ಸಂಭ್ರಮವನ್ನು ನೀವೇ ಊಹಿಸಿಕೊಳ್ಳಿ.

ಏರಿಯನ್ನೂ ಕಾಲುವೆಯನ್ನೂ ಯಂತ್ರಗಳನ್ನೂ ನಗರವು ತನ್ನದೆಂದು ನೋಡಿಕೊಂಡಿತು. ಆದರೆ ನಂದಿಬೆಟ್ಟದ ಸೀಮೆಯಿಂದ ಹೆಸರಘಟ್ಟದವರೆಗೆ ಹಬ್ಬಿದ್ದ ಹೊಲ, ಗೋಮಾಳ, ಹುಲ್ಲುಗಾವಲು ಮತ್ತು ಸಾಲುಗೆರೆಗಳು ಆ ಲೆಕ್ಕದಲ್ಲಿ ಸೇರಲೇ ಇಲ್ಲ. 1920ರ ದಶಕದಲ್ಲಿ ಮಳೆ ಕೈಕೊಟ್ಟು ಹೆಸರಘಟ್ಟ ಬರಿದಾದಾಗ, ಅದೇ ನದಿಯ ಕೆಳಭಾಗದಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯವನ್ನು ಕಟ್ಟಲಾಯಿತು. ಅದು 1933ರಲ್ಲಿ ಪೂರ್ಣಗೊಂಡಿತು. ಅದೂ ಸಾಲದಾದಾಗ, 1974ರಲ್ಲಿ, ಸುಮಾರು ನೂರು ಕಿಲೋಮೀಟರು ದೂರದಿಂದ ಕಾವೇರಿಯ ನೀರು ಬಂತು. ಕೈಗೆಟಕುವ ನೀರು ಕಡಿಮೆಯಾದಾಗಲೆಲ್ಲ ನಗರವು ಇನ್ನಷ್ಟು ದೂರದ ನೀರಿಗೆ ಕೈಚಾಚಿತು. ಹಿಂದಿರುಗಿ ನೋಡುವ ಅಗತ್ಯವೇ ಅದಕ್ಕೆ ಕಾಣಲಿಲ್ಲ. ಇತ್ತ ಹೆಸರಘಟ್ಟದ ಕೆರೆ 1990ರ ದಶಕದ ನಂತರ ವರ್ಷಗಟ್ಟಲೆ ಬರಿದಾಗಿಯೇ ಉಳಿಯಿತು. 2022ರ ಭಾರೀ ಮಳೆಗೆ ಅದು ತುಂಬಿದ್ದು ಸುಮಾರು ಮೂರು ದಶಕಗಳ ಬಳಿಕ.

ಮಳೆ ಕಡಿಮೆಯಾದುದೇ ಇದಕ್ಕೆ ಕಾರಣವೆಂದು ಅನೇಕರು ಹೇಳುತ್ತಾರೆ. ಆದರೆ ಅರ್ಕಾವತಿಯ ಮೇಲ್ಭಾಗದ ಬಗ್ಗೆ ಏಟ್ರೀ ಸಂಸ್ಥೆಯ ವಿಜ್ಞಾನಿಗಳು 2015ರಲ್ಲಿ ಪ್ರಕಟಿಸಿದ ಅಧ್ಯಯನವು ಮಳೆಯ ಮೇಲೆ ತಪ್ಪು ಹೊರಿಸುವುದಿಲ್ಲ. ಕೊಳವೆಬಾವಿಗಳಿಂದ ಅಂತರ್ಜಲ ಬರಿದಾದುದು ಮತ್ತು ನೀಲಗಿರಿ ತೋಪುಗಳು ಹಬ್ಬಿದುದು ಮುಖ್ಯ ಕಾರಣಗಳೆಂದು ಅದು ತೋರಿಸಿತು. ನೀಲಗಿರಿಯ ಬೇರು ಆಳಕ್ಕಿಳಿದು ವರ್ಷವಿಡೀ ನೀರು ಹೀರುತ್ತದೆ. ಹುಲ್ಲಿನ ಬೇರು ಮೇಲ್ಮಣ್ಣಿನಲ್ಲಿಯೇ ಇರುತ್ತದೆ. ಬೇಸಿಗೆಯಲ್ಲಿ ಹುಲ್ಲು ಒಣಗಿ, ತನ್ನ ದಾಹವನ್ನೂ ನಿಲ್ಲಿಸಿಕೊಳ್ಳುತ್ತದೆ. ಮಳೆ ಬಂದಾಗ ಹರಿವಿನ ವೇಗವನ್ನು ತಗ್ಗಿಸಿ, ಮಣ್ಣು ಕೊಚ್ಚಿಹೋಗದಂತೆ ತಡೆದು, ನೀರನ್ನು ನಿಧಾನವಾಗಿ ಕೆರೆಯತ್ತ ಬಿಡುತ್ತದೆ.

ಇದನ್ನು ಒಪ್ಪಿಕೊಳ್ಳುವುದು ನಮಗೆ ಸುಲಭವಲ್ಲ. ವನಮಹೋತ್ಸವದ ದಿನ ಮಕ್ಕಳ ಕೈಯಲ್ಲಿ ಸಸಿ ನೆಡಿಸುವ ನಾವು, ಮರವಿಲ್ಲದ ಬಯಲನ್ನು ಕಂಡೊಡನೆ ‘ಪಾಳು’ ಎಂದುಬಿಡುತ್ತೇವೆ. ಕಂದಾಯದ ಕಡತಗಳೂ ಬಹುಕಾಲ ಹಾಗೆಯೇ ಅಂದಿವೆ. ಹುಲ್ಲಿಗೆ ಹಾನಿ ಮಾಡಿದುದರಲ್ಲಿ ಕೊಡಲಿಗಿಂತ ಈ ಒಂದು ಪದದ ಪಾಲು ಹೆಚ್ಚೆಂದು ನನಗನ್ನಿಸುತ್ತದೆ.

ಹೆಸರಘಟ್ಟದ ಕೆರೆಗೆ ತಾಗಿಕೊಂಡು ಇಂದಿಗೂ ಉಳಿದಿರುವ ಹುಲ್ಲುಗಾವಲಿಗೂ ಇದೇ ಗತಿ ಒದಗುವುದರಲ್ಲಿತ್ತು. ಅಲ್ಲಿ ಚಿತ್ರನಗರಿ ಕಟ್ಟುವ ಮಾತು ಮತ್ತೆ ಮತ್ತೆ ಕೇಳಿಬಂತು. ನಮ್ಮ ದೇಶದಲ್ಲಿಯೇ ಅಪರೂಪವಾಗಿರುವ ಲೆಸ್ಸರ್ ಫ್ಲೋರಿಕನ್ ಹಕ್ಕಿ 2011ರಲ್ಲಿ ಅಲ್ಲಿ ಕಾಣಿಸಿಕೊಂಡಾಗ, ‘ಪಾಳು’ ಭೂಮಿಯ ಕಡೆಗೆ ಹಲವರ ಕಣ್ಣು ಹೊರಳಿತು. ಅದನ್ನು ಸಂರಕ್ಷಣಾ ಮೀಸಲು ಪ್ರದೇಶವಾಗಿ ಘೋಷಿಸಬೇಕೆಂಬ ಪ್ರಸ್ತಾವವನ್ನು ರಾಜ್ಯ ವನ್ಯಜೀವಿ ಮಂಡಳಿಯು 2021ರ ಜನವರಿಯಲ್ಲಿ ತಳ್ಳಿಹಾಕಿತು. ಸುತ್ತಲಿನ ಹಳ್ಳಿಗಳ ವಿರೋಧವೂ ಅದಕ್ಕೆ ಕಾರಣವಾಗಿತ್ತು. ದನಕುರಿ ಮೇಯಿಸುವ ದಾರಿಗೆ ನಾಳೆ ಬೇಲಿ ಬಿದ್ದರೆ ಗತಿಯೇನು ಎಂಬ ಆ ರೈತರ ಅಂಜಿಕೆಯನ್ನು ಅಜ್ಞಾನವೆಂದು ತಳ್ಳಿಹಾಕಬಾರದು. ಕಾಡಿನ ಹೆಸರಿನಲ್ಲಿ ನೆಲೆ ಕಳೆದುಕೊಂಡವರು ನಮ್ಮ ನಾಡಿನಲ್ಲಿ ಕಡಿಮೆಯೇನಲ್ಲ. ಆದರೆ ಸಂರಕ್ಷಣಾ ಮೀಸಲು ಎಂಬುದು ಅಭಯಾರಣ್ಯದಂತಲ್ಲ. ಅದು ಸರ್ಕಾರಿ ಭೂಮಿಯಲ್ಲಿ, ಸ್ಥಳೀಯರೊಡನೆ ಸಮಾಲೋಚಿಸಿ ಮಾಡುವಂಥದ್ದು. ಅದರ ನಿರ್ವಹಣೆಗೆ ಸಲಹೆ ನೀಡುವ ಸಮಿತಿಯಲ್ಲಿ ಆಯಾ ಗ್ರಾಮ ಪಂಚಾಯಿತಿಗಳ ಪ್ರತಿನಿಧಿಗಳಿಗೆ ಕಾನೂನೇ ಸ್ಥಾನ ಕೊಟ್ಟಿದೆ.

ವಿಷಯವು ಉಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಕೊನೆಗೆ 2024ರ ಅಕ್ಟೋಬರಿನಲ್ಲಿ ಮಂಡಳಿಯು 5,678 ಎಕರೆಯ ಮೀಸಲಿಗೆ ಒಪ್ಪಿಗೆ ನೀಡಿತು. ಇಡೀ ಜಲಾನಯನದ ಎದುರಿಗೆ ಇದು ಚಿಕ್ಕ ತುಂಡು. ಮೇಲಿನ ತೋಪುಗಳು, ಕೊಳವೆಬಾವಿಗಳು ಇದ್ದಲ್ಲಿಯೇ ಇವೆ. ಅದೇ ತಿಂಗಳು ಕಾವೇರಿ ನೀರಿನ ಐದನೆಯ ಹಂತವೂ ಉದ್ಘಾಟನೆಯಾಯಿತು.