ಮುಗಿಯದ ಡ್ರಾ ಆಟ, ನೋಡುಗರ ಹರಟೆ

2014ರ ನವೆಂಬರ್ 17. ರಷ್ಯಾದ ಸೋಚಿಯಲ್ಲಿ ನಮ್ಮ ವಿಶ್ವನಾಥನ್ ಆನಂದ್ ಮತ್ತು ನಾರ್ವೆಯ ಮ್ಯಾಗ್ನಸ್ ಕಾರ್ಲ್‌ಸನ್ ಚೆಸ್ ವಿಶ್ವಚಾಂಪಿಯನ್ ಪಟ್ಟಕ್ಕಾಗಿ ಏಳನೇ ಆಟಕ್ಕೆ ಕೂತಿದ್ದರು. ಎರಡು ದಿನ ಹಿಂದೆ ನಡೆದ ಆರನೇ ಆಟದಲ್ಲಿ ಕಾರ್ಲ್‌ಸನ್ ಒಂದು ದೊಡ್ಡ ತಪ್ಪು ಮಾಡಿದ್ದರು. ಆನಂದ್ ಅದನ್ನು ಗಮನಿಸದೆ ಬೇರೆ ನಡೆ ಆಡಿ ಸೋತಿದ್ದರು. ಆ ಗಾಯ ಇನ್ನೂ ಹಸಿಯಾಗಿತ್ತು.

ಏಳನೇ ಆಟದ ಮಧ್ಯದಲ್ಲಿ ಆನಂದ್ ತಮ್ಮ ಒಂಟೆಯನ್ನು ಬಿಟ್ಟುಕೊಟ್ಟು ಎರಡು ಕಾಲಾಳು ತೆಗೆದುಕೊಂಡರು. ಲೆಕ್ಕ ಸರಳವಾಗಿತ್ತು. ಎದುರಾಳಿಯ ಬಳಿ ಒಂದು ಕುದುರೆ ಹೆಚ್ಚಿದ್ದರೂ ಸರಿ, ಕಾಲಾಳುಗಳೆಲ್ಲ ಖಾಲಿಯಾದರೆ ಆಟ ಡ್ರಾ. ಒಂದು ಕಡೆ ಆನೆ ಮತ್ತು ಕುದುರೆ, ಇನ್ನೊಂದು ಕಡೆ ಬರೀ ಆನೆ ಉಳಿದರೆ, ಸರಿಯಾಗಿ ಆಡುವವನನ್ನು ಸೋಲಿಸಲಾಗದು. ಇದು ಪುಸ್ತಕದಲ್ಲಿರುವ ವಿಷಯ. ಕಾರ್ಲ್‌ಸನ್‌ಗೂ ಗೊತ್ತು, ಆನಂದ್‌ಗೂ ಗೊತ್ತು, ಅಂತರ್ಜಾಲದಲ್ಲಿ ಆಟ ನೋಡುತ್ತಿದ್ದ ಲಕ್ಷಾಂತರ ಜನರಿಗೂ ಗೊತ್ತು. ಯಾಕೆಂದರೆ ಅವರ ಪರದೆಯ ಮೂಲೆಯಲ್ಲಿ ಕಂಪ್ಯೂಟರ್ ಸೊನ್ನೆ ತೋರಿಸುತ್ತ ಕೂತಿತ್ತು. ಸೊನ್ನೆ ಅಂದರೆ ಯಾರಿಗೂ ಮೇಲುಗೈ ಇಲ್ಲ.

ಆದರೂ ಕಾರ್ಲ್‌ಸನ್ ಆಟ ನಿಲ್ಲಿಸಲಿಲ್ಲ. ಎಪ್ಪತ್ತನೇ ನಡೆ ಆಯಿತು, ತೊಂಬತ್ತಾಯಿತು, ನೂರು ದಾಟಿತು. ಆರು ಗಂಟೆಗೂ ಮಿಕ್ಕಿ ಆಡಿ 122ನೇ ನಡೆಗೆ ಕೈ ಕುಲುಕಿದರು. ಸಂಜೆ ಶುರುವಾದ ಆಟ ನಮ್ಮಲ್ಲಿ ಮಧ್ಯರಾತ್ರಿಯ ಹೊತ್ತಿಗೆ ಮುಗಿಯಿತು. ಫಲಿತಾಂಶ, ಎಲ್ಲರೂ ಹೇಳಿದ್ದಂತೆ, ಡ್ರಾ.

ಇಂಥ ಆಟ ನೋಡುವವರು ಆ ಹೊತ್ತೆಲ್ಲ ಏನು ಮಾಡುತ್ತಾರೆ? ಹರಟೆ ಹೊಡೆಯುತ್ತಾರೆ. ನಾನು ಊಟ ಮಾಡಿ, ಪಾತ್ರೆ ತೊಳೆದು ಬಂದೆ, ಕುದುರೆ ಇನ್ನೂ ಅಲ್ಲೇ ಸುತ್ತುತ್ತಿದೆ ಎನ್ನುತ್ತಾನೆ ಒಬ್ಬ. ಇವರಿಬ್ಬರಿಗೆ ಯಾರಾದರೂ ಹಾಸಿಗೆ ತಂದುಕೊಡಿ ಎನ್ನುತ್ತಾನೆ ಇನ್ನೊಬ್ಬ. ನಡುವೆ ಹೊಸಬ ಬಂದು ಯಾರು ಗೆಲ್ಲುತ್ತಿದ್ದಾರೆ ಎಂದು ಕೇಳಿದರೆ ನಿದ್ದೆ ಗೆಲ್ಲುತ್ತಿದೆ ಎಂಬ ಉತ್ತರ ಸಿಗುತ್ತದೆ. ಅರಳಿಕಟ್ಟೆಯ ಮೇಲೆ ಚೌಕಾಬಾರ ಆಡುವಾಗ ಸುತ್ತ ನಿಂತವರು ಮಾಡುವುದೂ ಇದನ್ನೇ. ಆಡುವವರು ಇಬ್ಬರು, ಸಲಹೆಗಾರರು ಹತ್ತು ಮಂದಿ.

ಹೀಗೆ ಪಕ್ಕದಲ್ಲಿ ನಿಂತು ಬಾಯಿ ಹಾಕುವವರಿಗೆ ಚೆಸ್ ಲೋಕದಲ್ಲಿ ಒಂದು ಹೆಸರೇ ಇದೆ, ಕಿಬಿಟ್ಸರ್. ಆ ಪದದ ಹಿಂದೆ ಇರುವುದು ಜರ್ಮನ್ ಭಾಷೆಯಲ್ಲಿ ಒಂದು ಹಕ್ಕಿಯ ಹೆಸರು. ಅದು ನಮ್ಮ ಟಿಟ್ಟಿಭದ ಹತ್ತಿರದ ಸಂಬಂಧಿ. ರಾತ್ರಿ ಗದ್ದೆ ಬದುವಿನಲ್ಲಿ ಯಾರೇ ನಡೆದರೂ ಕಿರುಚಿ ಊರಿಗೆಲ್ಲ ಸಾರುವ ಹಕ್ಕಿಯನ್ನು ನೀವು ಕೇಳಿಯೇ ಇರುತ್ತೀರಿ. ಹೆಸರಿಟ್ಟವರು ಸರಿಯಾಗಿಯೇ ಇಟ್ಟಿದ್ದಾರೆ.

ಆಟಗಾರರಿಗೆ ಈ ಹಕ್ಕಿಗಳನ್ನು ಕಂಡರೆ ಆಗುತ್ತಿರಲಿಲ್ಲ. 1972ರಲ್ಲಿ ಐಸ್‌ಲ್ಯಾಂಡಿನ ರೇಕ್ಯಾವಿಕ್‌ನಲ್ಲಿ ಬಾಬಿ ಫಿಷರ್ ಕ್ಯಾಮೆರಾ ಮತ್ತು ಸದ್ದಿನ ಬಗ್ಗೆ ಎಷ್ಟು ಗಲಾಟೆ ಮಾಡಿದರೆಂದರೆ, ಮೂರನೇ ಆಟವನ್ನು ಪ್ರೇಕ್ಷಕರಿಂದ ದೂರ, ಹಿಂದಿನ ಕೋಣೆಯೊಂದರಲ್ಲಿ ಆಡಿಸಬೇಕಾಯಿತು. ದುಡ್ಡು ಕೊಟ್ಟು ಬಂದವರು ಖಾಲಿ ವೇದಿಕೆ ನೋಡುತ್ತ ಕೂತರು.

1992ರಲ್ಲಿ ಅಂತರ್ಜಾಲದ ಮೊದಲ ಚೆಸ್ ಸರ್ವರ್ ಶುರುವಾದಾಗ ಈ ಸಮಸ್ಯೆಗೊಂದು ಚಂದದ ಪರಿಹಾರ ಸಿಕ್ಕಿತು. ಅಲ್ಲಿ ನೋಡುಗರಿಗೆ ಎರಡು ಆಜ್ಞೆಗಳಿದ್ದವು. ‘ಕಿಬಿಟ್ಸ್’ ಎಂದು ಬರೆದು ಮಾತಾಡಿದರೆ ಆಟಗಾರರಿಗೂ ಕಾಣುತ್ತಿತ್ತು. ‘ವಿಸ್ಪರ್’, ಅಂದರೆ ಪಿಸುಮಾತು, ಎಂದು ಬರೆದರೆ ನೋಡುಗರಿಗೆ ಮಾತ್ರ ಕಾಣುತ್ತಿತ್ತು. ಸಾವಿರ ಜನ ಒಟ್ಟಿಗೆ ಪಿಸುಗುಟ್ಟಿದರೂ ಆಡುವವನ ಕಿವಿಗೆ ಬೀಳದು. ಅಕ್ಷರ, ಗೆರೆಗಳಿಂದ ಮಾಡಿದ ಬೋರ್ಡು, ನಿಧಾನವಾದ ಸಂಪರ್ಕ. ಆದರೂ ಇಂದು ಫೋನಿನಲ್ಲಿ ನಾವು ನೋಡುವ ಲೈವ್ ಹರಟೆಯ ತವರು ಅದೇ.

ಆ ಕಾಲಕ್ಕೂ ಈ ಕಾಲಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಹಿಂದೆ ನೋಡುಗನಿಗೆ ಆಟಗಾರನಿಗಿಂತ ಕಡಿಮೆ ಗೊತ್ತಿರುತ್ತಿತ್ತು.

1978ರಲ್ಲಿ ಫಿಲಿಪ್ಪೀನ್ಸ್‌ನ ಬಾಗಿಯೊದಲ್ಲಿ ಕಾರ್ಪೊವ್ ಮತ್ತು ಕೊರ್ಚ್‌ನೋಯ್ ಐದನೇ ಆಟವನ್ನು 124 ನಡೆ ಆಡಿ ಡ್ರಾ ಮಾಡಿಕೊಂಡರು. ನಡುವೆ ಕೊರ್ಚ್‌ನೋಯ್‌ಗೆ ಗೆಲುವು ಅಂಗೈಯಲ್ಲೇ ಇತ್ತು, ಸಮಯದ ಒತ್ತಡದಲ್ಲಿ ಜಾರಿಹೋಯಿತು. ಅದು ಜಾರಿದ್ದು ಆ ಕ್ಷಣದಲ್ಲಿ ಎಷ್ಟು ಮಂದಿ ನೋಡುಗರಿಗೆ ತಿಳಿದೀತು? 1984ರ ಸೆಪ್ಟೆಂಬರ್‌ನಲ್ಲಿ ಮಾಸ್ಕೋದಲ್ಲಿ ಶುರುವಾದ ಕಾರ್ಪೊವ್–ಕಾಸ್ಪರೋವ್ ಪಂದ್ಯದ ಕಥೆಯಂತೂ ಕೇಳುವುದೇ ಬೇಡ. ಮೊದಲು ಆರು ಗೆದ್ದವನಿಗೆ ಪಟ್ಟ, ಡ್ರಾ ಲೆಕ್ಕಕ್ಕಿಲ್ಲ ಎಂಬುದು ನಿಯಮ. ಕಾರ್ಪೊವ್ ಬೇಗ ಬೇಗ ನಾಲ್ಕು ಗೆದ್ದರು. ಆಮೇಲೆ ಸತತ 17 ಡ್ರಾ. ಐದನೆಯದನ್ನೂ ಗೆದ್ದರು, ಇನ್ನೊಂದೇ ಸಾಕಿತ್ತು. ಆ ಒಂದು ಬರಲೇ ಇಲ್ಲ. 21 ವರ್ಷದ ಕಾಸ್ಪರೋವ್ ಡ್ರಾ ಮೇಲೆ ಡ್ರಾ ಮಾಡುತ್ತ, ನಡುವೆ ಮೂರು ಗೆದ್ದರು. 48 ಆಟ, ಅದರಲ್ಲಿ 40 ಡ್ರಾ, ಐದು ತಿಂಗಳು. 1985ರ ಫೆಬ್ರವರಿ 15ರಂದು ವಿಶ್ವ ಚೆಸ್ ಸಂಸ್ಥೆ ಫಿಡೆಯ ಅಧ್ಯಕ್ಷರು ಫಲಿತಾಂಶವೇ ಇಲ್ಲದೆ ಪಂದ್ಯ ನಿಲ್ಲಿಸಿದರು. ಮುಂದಿನ ಪಂದ್ಯಕ್ಕೆ 24 ಆಟಗಳ ಮಿತಿ ಹಾಕಿದರು.

ಎಲ್ಲಕ್ಕಿಂತ ಉದ್ದದ ಡ್ರಾ ನಡೆದದ್ದು 1989ರಲ್ಲಿ, ಬೆಲ್‌ಗ್ರೇಡ್‌ನಲ್ಲಿ. ಇವಾನ್ ನಿಕೋಲಿಚ್ ಮತ್ತು ಗೋರಾನ್ ಅರ್ಸೋವಿಚ್ 269 ನಡೆ ಆಡಿದರು, 20 ಗಂಟೆ 15 ನಿಮಿಷ. ಅದಕ್ಕೆ ಅಂದಿನ ನಿಯಮವೇ ಕಾರಣ. ಕಾಯಿ ಹೊಡೆಯದೆ, ಕಾಲಾಳು ಸರಿಸದೆ 50 ನಡೆ ಕಳೆದರೆ ಡ್ರಾ ಕೇಳಬಹುದು ಎಂಬುದು ಹಳೆಯ ಪದ್ಧತಿ. ಆದರೆ ಆನೆ–ಒಂಟೆ ಜೋಡಿ ಒಂಟಿ ಆನೆಯ ವಿರುದ್ಧ ಗೆಲ್ಲಲು ಕೆಲವೊಮ್ಮೆ ಅದಕ್ಕಿಂತ ಹೆಚ್ಚು ನಡೆ ಬೇಕೆಂದು ಕಂಪ್ಯೂಟರ್ ತೋರಿಸಿದ್ದರಿಂದ, ಅಂಥ ಸ್ಥಿತಿಗೆ ಆಗ ಮಿತಿಯನ್ನು 100ಕ್ಕೆ ಏರಿಸಿದ್ದರು. ಇವರಿಬ್ಬರೂ ಅದೇ ಸ್ಥಿತಿಗೆ ಬಂದು ನೂರೂ ಮುಗಿಸಿದರು! ಆ ವಿನಾಯಿತಿಯನ್ನು ಫಿಡೆ ಆಮೇಲೆ ತೆಗೆದುಹಾಕಿತು.

ಕಂಪ್ಯೂಟರ್ ಮಾತು ಬಂತಲ್ಲ, ನೋಡುಗನನ್ನು ಬದಲಿಸಿದ್ದು ಅದೇ. ಬೋರ್ಡಿನ ಮೇಲೆ ಕೆಲವೇ ಕಾಯಿ ಉಳಿದಾಗ ಸಾಧ್ಯವಿರುವ ಎಲ್ಲ ಸ್ಥಿತಿಗಳನ್ನೂ ಲೆಕ್ಕ ಹಾಕಿ, ಇದು ಗೆಲುವು, ಇದು ಡ್ರಾ ಎಂದು ಬರೆದಿಡುವ ಕೋಷ್ಟಕಗಳು ತಯಾರಾದವು. 2012ರ ಹೊತ್ತಿಗೆ ಮಾಸ್ಕೋ ವಿಶ್ವವಿದ್ಯಾಲಯದ ಸೂಪರ್ ಕಂಪ್ಯೂಟರ್, ರಾಜರನ್ನೂ ಸೇರಿಸಿ ಏಳು ಕಾಯಿಗಳವರೆಗಿನ ಲೆಕ್ಕವನ್ನು ಮುಗಿಸಿತು. ಜ್ಯೋತಿಷ್ಯವಲ್ಲ, ಅಂದಾಜೂ ಅಲ್ಲ, ಪಕ್ಕಾ ಉತ್ತರ. ಬಸ್ಸಿನಲ್ಲಿ ನಿಂತು ಫೋನ್ ನೋಡುವವನಿಗೆ ಈಗ ವಿಶ್ವಚಾಂಪಿಯನ್‌ಗೆ ಗೊತ್ತಿಲ್ಲದ್ದು ಗೊತ್ತು.

ಹರಟೆಯ ಧಾಟಿ ಬದಲಾದದ್ದು ಇಲ್ಲಿಂದ. ಮೊದಲು ‘ಏನು ಆಡುತ್ತಾನೋ’ ಎಂಬ ಕುತೂಹಲ ಇತ್ತು, ಈಗ ‘ಇಷ್ಟೂ ಕಾಣಲಿಲ್ಲವೇ’ ಎಂಬ ಗೇಲಿ ಸೇರಿಕೊಂಡಿತು. 2018ರಲ್ಲಿ ಲಂಡನ್‌ನಲ್ಲಿ ಕಾರ್ಲ್‌ಸನ್ ಮತ್ತು ಕರುವಾನ 12 ಆಟಗಳನ್ನೂ ಡ್ರಾ ಮಾಡಿಕೊಂಡರು. ಮೊದಲನೆಯದೇ 115 ನಡೆ, ಸುಮಾರು ಏಳು ಗಂಟೆ. ಆರನೇ ಆಟದ ಕೊನೆಯಲ್ಲಿ ನಾರ್ವೆಯ ಕಂಪ್ಯೂಟರೊಂದು ಕರುವಾನಗೆ ಖಚಿತ ಗೆಲುವಿದೆ ಎಂದು ತೋರಿಸಿತು, ಮೂವತ್ತಕ್ಕೂ ಹೆಚ್ಚು ನಡೆಗಳಲ್ಲಿ. ಅಂತರ್ಜಾಲ ಹುಯಿಲೆಬ್ಬಿಸಿತು. ಆದರೆ ಆ ಗೆಲುವಿಗೆ ಕರುವಾನ ತನ್ನದೇ ಕುದುರೆಯನ್ನು ಮೂಲೆಗೆ ತಳ್ಳಿ ಬಂಧಿಸಿಡಬೇಕಿತ್ತು. ಅಂಥ ನಡೆ ಆಡಿದ್ದರೆ ಮೋಸದ ಅನುಮಾನದಿಂದ ತಕ್ಷಣ ತಪಾಸಣೆ ಕೇಳುತ್ತಿದ್ದರು ಎಂಬರ್ಥದಲ್ಲಿ ಕಾಸ್ಪರೋವ್ ಬರೆದರು. ನನಗೂ ಅದೇ ಸರಿ ಅನ್ನಿಸುತ್ತದೆ. ಪಕ್ಕದಲ್ಲಿ ಉತ್ತರಪತ್ರಿಕೆ ಇಟ್ಟುಕೊಂಡು ಪರೀಕ್ಷೆ ಬರೆಯುವವನನ್ನು ನೋಡಿ ನಗುವುದು ಸುಲಭ.

ಇನ್ನು ದುಬೈ. 2021ರ ಡಿಸೆಂಬರ್ 3, ಕಾರ್ಲ್‌ಸನ್ ಮತ್ತು ರಷ್ಯಾದ ನೆಪೊಮ್ನಿಯಾಚಿ ನಡುವಿನ ಆರನೇ ಆಟ. ಅದಕ್ಕೂ ಮುಂಚೆ ವಿಶ್ವಪಟ್ಟದ ದೀರ್ಘ ಆಟಗಳಲ್ಲಿ ಸತತ 19 ಡ್ರಾ ಆಗಿದ್ದವು, ಐದು ವರ್ಷಗಳಿಂದ ಒಂದೂ ಗೆಲುವಿಲ್ಲ. ಚೆಸ್ ಸತ್ತಿತು ಎಂದು ಅಭಿಮಾನಿಗಳೇ ತಮಾಷೆ ಮಾಡುತ್ತಿದ್ದರು. ಆ ಪಂದ್ಯದ ವೀಕ್ಷಕ ವಿವರಣೆಗೆ ಕೂತಿದ್ದವರಲ್ಲಿ ಒಬ್ಬರು ಯಾರು ಗೊತ್ತೇ? ಆನಂದ್. ಸೋಚಿಯಲ್ಲಿ ಆರು ಗಂಟೆ ಕಾರ್ಲ್‌ಸನ್ ಕೈಯಲ್ಲಿ ಹಿಂಡಿಸಿಕೊಂಡವರು ಈಗ ಹೊರಗಿನಿಂದ ನೋಡುತ್ತಿದ್ದರು.

ಆಟ ನೂರು ನಡೆ ದಾಟಿತು. ಕಾರ್ಲ್‌ಸನ್ ಬಳಿ ಆನೆ, ಕುದುರೆ, ಎರಡು ಕಾಲಾಳು. ನೆಪೊಮ್ನಿಯಾಚಿ ಬಳಿ ಮಂತ್ರಿ ಒಂದೇ. ರಾಜರೂ ಸೇರಿ ಏಳು ಕಾಯಿ. ಕೋಷ್ಟಕ ತೆರೆದು ನೋಡಿದವರಿಗೆ ಉತ್ತರ ಸ್ಪಷ್ಟವಾಗಿತ್ತು, ಡ್ರಾ. ಮತ್ತೆ ಅದೇ ಜೋಕುಗಳು, ಮತ್ತೆ ಅದೇ ಹಾಸಿಗೆ ದಿಂಬು.

ಆಟಗಾರನ ಕಡೆಯಿಂದ ನೋಡಿ. ಏಳು ಗಂಟೆಯಿಂದ ಕುರ್ಚಿಯಲ್ಲಿದ್ದೀರಿ. ಗಡಿಯಾರದಲ್ಲಿ ಉಳಿದ ಸಮಯ ಅಷ್ಟಕ್ಕಷ್ಟೆ, ಪ್ರತಿ ನಡೆಗೆ ಸೇರುವುದು 30 ಸೆಕೆಂಡು. ಮಂತ್ರಿಗೆ ಹೋಗಲು ಹತ್ತಾರು ಮನೆ, ಡ್ರಾ ಉಳಿಸುವವು ಅದರಲ್ಲಿ ಒಂದೆರಡೇ. ಯಾವುವು ಎಂದು ಯಾರೂ ಹೇಳುವುದಿಲ್ಲ. 130ನೇ ನಡೆಯಲ್ಲಿ ನೆಪೊಮ್ನಿಯಾಚಿ ಮಂತ್ರಿಯನ್ನು ತಪ್ಪು ಮನೆಗಿಟ್ಟರು. 136ಕ್ಕೆ ಸೋಲೊಪ್ಪಿದರು. 7 ಗಂಟೆ 45 ನಿಮಿಷ, ವಿಶ್ವಪಟ್ಟದ ಚರಿತ್ರೆಯಲ್ಲೇ ಅತಿ ಉದ್ದದ ಆಟ. ನಮ್ಮಲ್ಲಿ ರಾತ್ರಿ ಒಂದೂವರೆ ದಾಟಿತ್ತು. ಆಮೇಲೆ ಅವರು ಚೇತರಿಸಿಕೊಳ್ಳಲೇ ಇಲ್ಲ. ಎಂಟು, ಒಂಬತ್ತು, ಹನ್ನೊಂದನೇ ಆಟಗಳನ್ನೂ ಕಳೆದುಕೊಂಡರು.

ಸೋಚಿಯ ಆ 122 ನಡೆಗಳನ್ನು ಬೇಸರದ ಡ್ರಾ ಎನ್ನುವವರು ಇದನ್ನೊಮ್ಮೆ ನೆನೆಯಬೇಕು. ಆನಂದ್ ಅಂದು ಒಂದು ಕಡೆ ಜಾರಿದ್ದರೂ ಅಷ್ಟೇ.

2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ಗುಕೇಶ್ ಮತ್ತು ಚೀನಾದ ಡಿಂಗ್ ಲಿರೆನ್ 14ನೇ ಆಟ ಆಡುತ್ತಿದ್ದಾಗಲೂ ಹರಟೆಯಲ್ಲಿದ್ದವರು ಡ್ರಾ ಎಂದು ತೀರ್ಮಾನಿಸಿ, ಮರುದಿನದ ಟೈಬ್ರೇಕರ್ ಮಾತಿಗಿಳಿದಿದ್ದರು. 55ನೇ ನಡೆಯಲ್ಲಿ ಡಿಂಗ್ ಆನೆಯನ್ನು ಸರಿಸಿದರು. ಪರದೆಯ ಪಕ್ಕದ ಪಟ್ಟಿ ದಡಕ್ಕನೆ ಒಂದೇ ಕಡೆಗೆ ವಾಲಿತು. ಫೋನ್ ಹಿಡಿದವರೆಲ್ಲ ಕೂಗಿದರು. ಗುಕೇಶ್‌ಗೆ ಮಾತ್ರ ತಕ್ಷಣ ಗೊತ್ತಾಗಲಿಲ್ಲ, ಬೇರೆ ನಡೆ ಆಡುವವನಿದ್ದೆ ಎಂದು ಆಮೇಲೆ ಅವರೇ ಹೇಳಿದರು. ಕೆಲವು ಕ್ಷಣ ಬಿಟ್ಟು ಅವರ ಮುಖ ಬದಲಾಯಿತು. ಮೂರು ನಡೆ ಕಳೆದು ಡಿಂಗ್ ಸೋಲೊಪ್ಪಿದರು.