ಬಟ್ಟಲಿಗೆ ಬಿದ್ದ ಬಹುಮತ

ಒಂದು ವೋಟಿನಿಂದ ಏನಾಗತ್ತೆ ಅಂತ ಕೇಳಿದವರಿಗೆ ನಮ್ಮಲ್ಲಿ ಕೊಡುವ ಉತ್ತರ ಸಂತೇಮರಹಳ್ಳಿ. 2004ರಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ನನ್ನನ್ನು ಅದಕ್ಕಿಂತ ಹೆಚ್ಚು ಕಾಡಿದ್ದು ಅಮೆರಿಕದ ವರ್ಜೀನಿಯಾದ ಒಂದು ಕ್ಷೇತ್ರ. ಅಲ್ಲಿ ಆ ಒಂದು ವೋಟಿನ ಅಂತರವೂ ಉಳಿಯಲಿಲ್ಲ.

ನ್ಯೂಪೋರ್ಟ್ ನ್ಯೂಸ್ ಅಂದರೆ ವಿಮಾನವಾಹಕ ಹಡಗು ಕಟ್ಟುವ ಊರು. ರಾಜ್ಯದ ಕೆಳಮನೆಯಲ್ಲಿ 100 ಸೀಟು. ಈ ಊರಿನ ಉಪನಗರದ ಬಡಾವಣೆಗಳು ಸೇರಿದ್ದ ಸೀಟಿನ ಸಂಖ್ಯೆ 94. ರಿಪಬ್ಲಿಕನ್ ಪಕ್ಷದ ಡೇವಿಡ್ ಯಾನ್ಸಿ 2011ರಿಂದ ಅಲ್ಲಿ ಗೆಲ್ಲುತ್ತಿದ್ದರು. 2015ರಲ್ಲಿ ಡೆಮಾಕ್ರಟಿಕ್ ಪಕ್ಷದ ಶೆಲ್ಲಿ ಸೈಮಂಡ್ಸ್ ಎದುರು ನಿಂತರೂ ಯಾನ್ಸಿ ಸಲೀಸಾಗಿ ಗೆದ್ದರು. ಅಲ್ಲಿವರೆಗೆ ಹೇಳುವಂಥ ಕಥೆಯೇನೂ ಇಲ್ಲ.

2017ರ ನವೆಂಬರಿನಲ್ಲಿ ಮತ್ತೆ ಅವರಿಬ್ಬರೇ. ಟ್ರಂಪ್ ಅಧ್ಯಕ್ಷರಾಗಿ ಒಂದು ವರ್ಷವೂ ಆಗಿರಲಿಲ್ಲ, ಉಪನಗರಗಳು ಮುನಿಸಿಕೊಂಡಿದ್ದವು. 66–34ರ ಬಹುಮತ ಇದ್ದ ರಿಪಬ್ಲಿಕನ್ನರು ಒಂದೇ ರಾತ್ರಿಯಲ್ಲಿ ಅಂಚಿಗೆ ಬಂದರು. 94ರಲ್ಲಿ ಯಾನ್ಸಿ 10 ಮತದಿಂದ ಮುಂದೆ. ಡಿಸೆಂಬರ್ 19ರ ಮರುಎಣಿಕೆಯಲ್ಲಿ ಸೈಮಂಡ್ಸ್ 11,608, ಯಾನ್ಸಿ 11,607. ಸದನ 50–50 ಆಯಿತು ಅಂತ ಸಂಭ್ರಮ ಶುರು.

ಒಂದೇ ದಿನ ಅಷ್ಟೇ. ಮಾರನೇ ದಿನ ಮೂವರು ನ್ಯಾಯಾಧೀಶರ ಮುಂದೆ ಒಂದು ಮತಪತ್ರ ಬಂತು. ಮತದಾರ ಇಬ್ಬರ ಹೆಸರಿನ ಮುಂದೆಯೂ ಗುಂಡಿ ತುಂಬಿದ್ದ, ಸೈಮಂಡ್ಸ್ ಕಡೆಯದರ ಮೇಲೆ ಒಂದು ಗೀಟು. ಅದು ಹೊಡೆದುಹಾಕಿದ ಗೀಟು, ಆದ್ದರಿಂದ ಮತ ಯಾನ್ಸಿಗೆ ಅಂತ ತೀರ್ಪಾಯಿತು. 11,608–11,608. ಆ ಪುಣ್ಯಾತ್ಮ ಪೆನ್ನು ಎಳೆದಾಗ ಇಡೀ ರಾಜ್ಯದ ಬಹುಮತ ತನ್ನ ಕೈಲಿದೆ ಅಂತ ಕನಸಲ್ಲೂ ಅಂದುಕೊಂಡಿರಲಿಕ್ಕಿಲ್ಲ.

ಸಮವಾದರೆ ಚೀಟಿ ಎತ್ತಬೇಕು ಅನ್ನುತ್ತೆ ವರ್ಜೀನಿಯಾದ ಕಾನೂನು. ನಗಬೇಡಿ, ನಮ್ಮ 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 65ನೇ ಕಲಮೂ ಅದನ್ನೇ ಹೇಳುತ್ತೆ. ಚೀಟಿಯಲ್ಲಿ ಹೆಸರು ಬಂದವರಿಗೆ ಒಂದು ಮತ ಹೆಚ್ಚು ಬಂತು ಅಂತ ಲೆಕ್ಕ. 2018ರ ಜನವರಿ 4ರಂದು ಇಬ್ಬರ ಹೆಸರನ್ನೂ ಹಳೇ ಕ್ಯಾಮೆರಾ ರೀಲಿನ ಪುಟ್ಟ ಡಬ್ಬಿಗಳಲ್ಲಿ ಹಾಕಿ, ಕಲಾ ಮ್ಯೂಸಿಯಮ್ಮಿನಿಂದ ತಂದ ಪಿಂಗಾಣಿ ಬಟ್ಟಲಿನಲ್ಲಿಟ್ಟರು. ಚುನಾವಣಾ ಮಂಡಳಿಯ ಅಧ್ಯಕ್ಷರು ಎತ್ತಿದ ಡಬ್ಬಿಯಲ್ಲಿ ಯಾನ್ಸಿ ಹೆಸರಿತ್ತು. ಸದನ 51–49, ಸ್ಪೀಕರ್ ಕುರ್ಚಿ ರಿಪಬ್ಲಿಕನ್ನರಿಗೆ.

ಕಥೆ ಇಲ್ಲಿಗೇ ಮುಗಿದಿದ್ದರೆ ಹಣೆಬರಹ ಅನ್ನಬಹುದಿತ್ತು. ಆದರೆ ಅದೇ ವರ್ಷದ ಮೇ ತಿಂಗಳಲ್ಲಿ ವಾಷಿಂಗ್ಟನ್ ಪೋಸ್ಟ್ ಒಂದು ವರದಿ ಮಾಡಿತು. 94ರಲ್ಲಿ ಮತ ಹಾಕಬೇಕಿದ್ದ 26 ಜನಕ್ಕೆ ಪಕ್ಕದ 93ನೇ ಕ್ಷೇತ್ರದ ಮತಪತ್ರ ಕೊಟ್ಟಿದ್ದರು! ಅವರಲ್ಲಿ ಹೆಚ್ಚಿನವರು ಕಪ್ಪು ಜನ ಜಾಸ್ತಿ ಇರುವ, ಡೆಮಾಕ್ರಟರ ಕಡೆ ವಾಲುವ ಬೂತಿನವರು. ಕಾರಣ, ಯಾವ ಮನೆ ಯಾವ ಕ್ಷೇತ್ರಕ್ಕೆ ಸೇರುತ್ತೆ ಅನ್ನುವ ಪಟ್ಟಿಯಲ್ಲಿದ್ದ ತಪ್ಪು. ನನಗೆ ಬಟ್ಟಲಿಗಿಂತ ಈ ಪಟ್ಟಿಯೇ ದೊಡ್ಡ ವಿಷಯ ಅನ್ನಿಸುತ್ತೆ. ಬಟ್ಟಲನ್ನು ಕ್ಯಾಮೆರಾಗಳ ಎದುರು ಇಟ್ಟಿದ್ದರು, ಈ ಪಟ್ಟಿಯನ್ನು ಯಾರೂ ನೋಡಿರಲಿಲ್ಲ. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ‘ನನ್ನ ಹೆಸರು ಯಾವ ಬೂತಲ್ಲಿದೆ?’ ಅಂತ ಮತದಾನದ ಹಿಂದಿನ ರಾತ್ರಿ ಕೇಳುವವರು ಇದನ್ನು ಓದಬೇಕು.

ಸ್ವಾರಸ್ಯ ಏನೆಂದರೆ, ಬಹುಮತ ಉಳಿದರೂ ಭಯ ಹೋಗಲಿಲ್ಲ. ವರ್ಷಗಳ ಕಾಲ ಬಡವರ ಆರೋಗ್ಯ ವಿಮೆ ಮೆಡಿಕೇಡ್ ವಿಸ್ತರಣೆಗೆ ಅಡ್ಡ ನಿಂತಿದ್ದ ಅದೇ ಸದನದಲ್ಲಿ 19 ರಿಪಬ್ಲಿಕನ್ನರು ಈಗ ಡೆಮಾಕ್ರಟರ ಜೊತೆ ಮತ ಹಾಕಿದರು. 2019ರ ಜನವರಿಯಿಂದ ಸುಮಾರು 4 ಲಕ್ಷ ಜನಕ್ಕೆ ಆ ಬಾಗಿಲು ತೆರೆಯಿತು.

ಅಷ್ಟರಲ್ಲಿ ಕೋರ್ಟು, ಜನಾಂಗದ ಲೆಕ್ಕದಲ್ಲಿ ಗೆರೆ ಎಳೆದಿದ್ದ 11 ಕ್ಷೇತ್ರಗಳನ್ನು ತಿದ್ದಿಸಿತು. ಅಕ್ಕಪಕ್ಕದ ಗಡಿಗಳೂ ಸರಿದವು, 94 ಕೂಡ ಬದಲಾಯಿತು. 2019ರಲ್ಲಿ ಮೂರನೇ ಸಲ ಅದೇ ಇಬ್ಬರು. ಈ ಸಲ ಚೀಟಿ ಬೇಕಾಗಲಿಲ್ಲ, ಸೈಮಂಡ್ಸ್ ಸುಲಭವಾಗಿ ಗೆದ್ದರು. ಡೆಮಾಕ್ರಟರಿಗೆ ಸದನದಲ್ಲಿ 55 ಸೀಟು.